ಕೋಡಿಮಠದಿಂದ ಶಂಕರಘಟ್ಟದವರೆಗೆ: ಶಿಕಾರಿಪುರ–ಸೊರಬದ ಸಾಹಿತ್ಯ ಪರಂಪರೆಯನ್ನು ಕಾಪಾಡಿದ ವಿಶ್ವವಿದ್ಯಾಲಯಗಳು (ಮುಖ್ಯಾಂಶಗಳು)

ಕೆಎಎಸ್, ಕೆ-ಸೆಟ್, ಪದವಿಪೂರ್ವ ಉಪನ್ಯಾಸಕರ ಪರೀಕ್ಷೆ, ಕನ್ನಡ ಎಂ.ಎ. ಪ್ರವೇಶ – ಇವುಗಳಿಗೆ ಓದುವವರು ತಾಳಗುಂದ, ಬಳ್ಳಿಗಾವೆ, ಉಡುತಡಿ ಎಂಬ ಹೆಸರುಗಳನ್ನು ಉರು ಹೊಡೆಯುತ್ತಾರೆ. ಆ ಕಲ್ಲುಗಳನ್ನು ಓದಿದವರು ಯಾರು, ವಚನಗಳನ್ನು ಓಲೆಗರಿಯಿಂದ ಪುಸ್ತಕಕ್ಕೆ ತಂದವರು ಯಾರು ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಪ್ರಶ್ನೆಪತ್ರಿಕೆ ಎರಡನ್ನೂ ಕೇಳಬಹುದು. ಈ ಟಿಪ್ಪಣಿ ಎರಡನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ಕಲ್ಲು ತಾನಾಗಿ ಉಳಿಯಬಹುದು. ಅದರ ಮೇಲಿನ ಮಾತು ಉಳಿಯಬೇಕಾದರೆ ಓದುವವರೊಬ್ಬರು ಬೇಕು, ಆ ಓದನ್ನು ಅಚ್ಚು ಹಾಕಿಸಿ ಹಂಚುವ ಸಂಸ್ಥೆಯೊಂದು ಬೇಕು.

ಕೋಡಿಮಠ, 1162

ಶಿಕಾರಿಪುರ ತಾಲೂಕಿನ ಬಳ್ಳಿಗಾವೆ ಶಿರಾಳಕೊಪ್ಪದ ಪಕ್ಕದಲ್ಲೇ ಇದೆ. ಬನವಾಸಿ–12000 ನಾಡಿನ ಆಡಳಿತ ಕೇಂದ್ರವಾಗಿದ್ದ ಊರು ಇದು. ಇಲ್ಲಿನ ಕೇದಾರೇಶ್ವರ ಗುಡಿಗೆ ಶಾಸನಗಳಲ್ಲಿ ದಕ್ಷಿಣ ಕೇದಾರ ಎಂಬ ಹೆಸರು. ಗುಡಿಗೆ ಸೇರಿದ ಮಠ ಕೆರೆಯ ಕೋಡಿಯ ಬಳಿ ಇದ್ದುದರಿಂದ ಅದು ಕೋಡಿಮಠವಾಯಿತು. ಮಠದ ಆಚಾರ್ಯರು ಲಾಕುಲ ಶೈವದ ಕಾಳಾಮುಖ ಪಂಥದವರು. ಕೇದಾರಶಕ್ತಿ, ಸೋಮೇಶ್ವರ ಪಂಡಿತ, ಗೌತಮ, ವಾಮಶಕ್ತಿ ಎಂಬ ಹೆಸರುಗಳು ಈ ಗುರುಪರಂಪರೆಯಲ್ಲಿ ಬರುತ್ತವೆ.

1162ರ ಶಾಸನ ಕಳಚುರಿ ಬಿಜ್ಜಳನ ಕಾಲದ್ದು. ಬಸವಣ್ಣನವರು ಕಲ್ಯಾಣದಲ್ಲಿ ಯಾವ ಬಿಜ್ಜಳನ ಭಂಡಾರಿಯಾಗಿದ್ದರೋ ಅದೇ ಬಿಜ್ಜಳ. ಈ ಶಾಸನ ಮಠದ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ಇದು ಪೂರ್ತಿಯಾಗಿ ನೆನಪಿಡಬೇಕಾದ ಪಟ್ಟಿ.

• ನಾಲ್ಕು ವೇದಗಳು ಮತ್ತು ಅವುಗಳ ಅಂಗಗಳ ಅಧ್ಯಯನ.
• ವ್ಯಾಕರಣದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ. ಕೊನೆಯ ಎರಡು ಜೈನ ಪರಂಪರೆಯೊಂದಿಗೆ ಬೆಸೆದುಕೊಂಡವು. ಶೈವ ಮಠವೊಂದು ಇವುಗಳಿಗೂ ಜಾಗ ಕೊಟ್ಟಿತ್ತು.
• ದರ್ಶನಗಳಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ.
• ಲಾಕುಲ ಸಿದ್ಧಾಂತ, ಪಾತಂಜಲ ಯೋಗ, 18 ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ.
• ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನದಾನ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರಿಗೂ ಊಟ.
• ಕ್ಷಪಣಕ, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ – ನಾನಾ ದೇಶಗಳಿಂದ ಬಂದ ಭಿಕ್ಷುಗಳಿಗೆಲ್ಲ ಆಶ್ರಯ.
• ಅನಾಥ ರೋಗಿಗಳಿಗೆ ಚಿಕಿತ್ಸೆ. ಕೊನೆಗೆ, ಸಕಲ ಜೀವಿಗಳಿಗೂ ಅಭಯ.

ಪಾಠಶಾಲೆ, ಅನ್ನಛತ್ರ, ವೈದ್ಯಶಾಲೆ, ಕಲಾವಿದರ ತಂಗುದಾಣ ಎಲ್ಲವೂ ಒಂದೇ ಅಂಗಳದಲ್ಲಿದ್ದವು. ವಿದ್ವಾಂಸರು ಕೋಡಿಮಠವನ್ನು ಮಧ್ಯಯುಗದ ವಿಶ್ವವಿದ್ಯಾಲಯ ಎಂದು ಕರೆಯುವುದು ಈ ಕಾರಣಕ್ಕೆ. ಆದರೆ 'ವಿಶ್ವವಿದ್ಯಾಲಯ' ನಾವು ಇಟ್ಟ ಹೆಸರು, ಶಾಸನದ ಮಾತಲ್ಲ. ಶಾಸನಗಳಲ್ಲಿ ಸಿಗುವ ಶಬ್ದಗಳು ನಾಲ್ಕು: ವಿದ್ವಾಂಸ ಬ್ರಾಹ್ಮಣರಿಗೆ ದತ್ತಿಯಾಗಿ ಕೊಟ್ಟ ಊರು ಅಗ್ರಹಾರ, ಪಟ್ಟಣದೊಳಗೆ ಅವರಿಗಾಗಿ ಮೀಸಲಿಟ್ಟ ಕೇರಿ ಬ್ರಹ್ಮಪುರಿ, ಉನ್ನತ ವಿದ್ಯೆಯ ಕೇಂದ್ರ ಘಟಿಕಾಸ್ಥಾನ, ಗುರುವಿನ ಸುತ್ತ ವಸತಿ, ಊಟ, ಪಾಠ ಕೂಡಿದ್ದು ಮಠ. ಈ ನಾಲ್ಕರ ವ್ಯತ್ಯಾಸವನ್ನು ಉತ್ತರದಲ್ಲಿ ಒಂದೊಂದು ವಾಕ್ಯದಲ್ಲಾದರೂ ಬರೆಯಿರಿ.

ನನ್ನ ಓದಿಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಕಥೆ ಹೇಳುವವರಿಗೂ ಹಾಡುವವರಿಗೂ ಇಟ್ಟ ಊಟದ ಎಲೆ. ಬರೆದದ್ದನ್ನು ಕಲಿಸುವ ಮನೆಯಲ್ಲೇ ಬಾಯಿಂದ ಬಾಯಿಗೆ ಬಂದದ್ದಕ್ಕೂ ಪಂಕ್ತಿ ಇತ್ತು.

ಸುತ್ತಮುತ್ತಲ ಕಲ್ಲುಗಳು

ತಾಳಗುಂದ (ಶಿಕಾರಿಪುರ ತಾಲೂಕು, ಪ್ರಾಚೀನ ಹೆಸರು ಸ್ಥಾನಕುಂದೂರು): ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನ. ಭಾಷೆ ಸಂಸ್ಕೃತ, ಕಾಲ 5ನೇ ಶತಮಾನ, ಕವಿ ಕುಬ್ಜ. ಕದಂಬ ಶಾಂತಿವರ್ಮನ ಆಳ್ವಿಕೆಯಲ್ಲಿ ಬರೆದದ್ದು. ಅವನ ತಂದೆ ಕಾಕುತ್ಸ್ಥವರ್ಮ ದೇವಾಲಯಕ್ಕಾಗಿ ಕೆರೆ ಕಟ್ಟಿಸಿದ ವಿಚಾರ ಇದರಲ್ಲಿದೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ವಿದ್ಯೆಗಾಗಿ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾದದ್ದು, ದರ್ಭೆ ಹಿಡಿಯುವ ಕೈ ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಇದೇ ಕಂಬದಿಂದ. ಕನ್ನಡದ ಮೊದಲ ರಾಜವಂಶವೆನಿಸಿದ ಕದಂಬರ ಕಥೆ ಶುರುವಾಗುವುದು ಒಬ್ಬ ವಿದ್ಯಾರ್ಥಿಯ ಅವಮಾನದಿಂದ.

ತಾಳಗುಂದದ ಎರಡನೆಯ ಅಂಶ ಇತ್ತೀಚಿನದು. 2013ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹದ ಕಟಾಂಜನದ ಮೇಲೆ ಸಂಸ್ಕೃತ–ಕನ್ನಡ ಮಿಶ್ರಿತ ಶಾಸನ ಸಿಕ್ಕಿತು. ಇಲಾಖೆಯ ವಿದ್ವಾಂಸರು ಅದರ ಕಾಲವನ್ನು ಸುಮಾರು ಕ್ರಿ.ಶ. 370 ಎಂದು ಅಂದಾಜಿಸಿದ್ದಾರೆ. ಈ ಅಂದಾಜು ಒಪ್ಪಿತವಾದರೆ ಇದು ಹಲ್ಮಿಡಿ ಶಾಸನಕ್ಕಿಂತ (ಸು. 450) ಹಳೆಯದು. ಪರೀಕ್ಷೆಯಲ್ಲಿ 'ಕನ್ನಡದ ಮೊದಲ ಶಾಸನ' ಎಂದಷ್ಟೇ ಕೇಳಿದಾಗ ಪಠ್ಯಪುಸ್ತಕಗಳ ರೂಢಿಯ ಉತ್ತರ ಹಲ್ಮಿಡಿ. ವಿವರಣೆಗೆ ಅವಕಾಶವಿದ್ದರೆ ತಾಳಗುಂದದ ವಾದವನ್ನೂ ಸೇರಿಸಿ.

ಉಳಿದವು ಚುಟುಕಾಗಿ:

• ಮಳವಳ್ಳಿ ಕಂಬ: ಪ್ರಾಕೃತ. ಚುಟು ವಂಶದ ಹಾರಿತೀಪುತ್ರ ಸಾತಕರ್ಣಿಯ ದಾನ, ಅದರ ಜೊತೆಗೆ ಅದನ್ನು ಮುಂದುವರಿಸಿದ ಕದಂಬ ಅರಸನ ಬರಹ. ಇದು ಶಿಕಾರಿಪುರ ತಾಲೂಕಿನ ಮಳವಳ್ಳಿ, ಮಂಡ್ಯ ಜಿಲ್ಲೆಯದಲ್ಲ.
• ಬಂದಳಿಕೆ (ಶಿಕಾರಿಪುರ ತಾಲೂಕು): ಗಂಡ ತೀರಿಕೊಂಡ ಮೇಲೆ ನಾಗರಖಂಡ–70ರ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡು ಆಡಳಿತ ನಡೆಸಿದ ಜಕ್ಕಿಯಬ್ಬೆ, 10ನೇ ಶತಮಾನದ ಆರಂಭ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡಳು. ಮಹಿಳಾ ಆಡಳಿತಗಾರರ ಪ್ರಶ್ನೆ ಬಂದಾಗ ಮೊದಲು ನೆನಪಾಗಬೇಕಾದ ಹೆಸರು.
• ಬಳ್ಳಿಗಾವೆಯ ಗಂಡಭೇರುಂಡ ಕಂಬ: 1047, ಚಾವುಂಡರಾಯರಸ.
• ಬಳ್ಳಿಗಾವೆಯ ಜಯಂತಿ ಬೌದ್ಧ ವಿಹಾರ: 1065, ರೂಪಭಟ್ಟಯ್ಯ. ಕರ್ನಾಟಕದಲ್ಲಿ ಬೌದ್ಧ ಧರ್ಮ 11ನೇ ಶತಮಾನದವರೆಗೂ ಉಸಿರಾಡಿತ್ತು ಎಂಬುದಕ್ಕೆ ಸಾಕ್ಷಿ.
• ಕುಬಟೂರು (ಸೊರಬ ತಾಲೂಕು, ಆನವಟ್ಟಿ ಹತ್ತಿರ, ಶಾಸನಗಳಲ್ಲಿ ಕುಪ್ಪಟೂರು): ಕೈಟಭೇಶ್ವರ ಗುಡಿ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 11ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿನ ಪಾರ್ಶ್ವದೇವ ಚೈತ್ಯಾಲಯಕ್ಕೆ ಆಸರೆಯಾದಳು.
• ಸೊರಬ ತಾಲೂಕಿನ ಉದ್ರಿ ಜೈನ ಕೇಂದ್ರವಾಗಿ, ಚಂದ್ರಗುತ್ತಿ ಕೋಟೆ ಮತ್ತು ರೇಣುಕಾಂಬೆಯ ಕ್ಷೇತ್ರವಾಗಿ ಪ್ರಸಿದ್ಧ. ದಂಡಾವತಿ ನದಿಯ ದಡದ ಈ ತಾಲೂಕಿನ ಊರೂರಲ್ಲಿ ವೀರಗಲ್ಲು, ಮಾಸ್ತಿಗಲ್ಲು, ನಿಷಿಧಿಗಲ್ಲುಗಳು ಸಿಗುತ್ತವೆ.

ಕಲ್ಲಿನಿಂದ ಕಾಗದಕ್ಕೆ

ಬಳ್ಳಿಗಾವೆಯ ಶಾಸನಗಳು ಮೊದಲು ಊರು ಬಿಟ್ಟು ಹೊರಗೆ ಹೋದದ್ದು ಛಾಯಾಚಿತ್ರಗಳಾಗಿ. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದರು. ಆ ಫೋಟೋಗಳನ್ನು ಆಧಾರವಾಗಿಟ್ಟುಕೊಂಡು ಬಿ.ಎಲ್. ರೈಸ್ 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಪ್ರಕಟಿಸಿದರು. ಫೋಟೋದಲ್ಲಿ ಸವೆದ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಅದಕ್ಕಾಗಿ ಪಡಿಯಚ್ಚು ಬೇಕಾಯಿತು.

ಪಡಿಯಚ್ಚು ತೆಗೆಯುವ ಕ್ರಮ ನೇರ ಪ್ರಶ್ನೆಯಾಗಿಯೂ ಬರಬಹುದು. ಕಲ್ಲಿನ ಮೇಲಿನ ಪಾಚಿ, ಸುಣ್ಣ, ಎಣ್ಣೆಯ ಜಿಡ್ಡನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯುತ್ತಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಅಕ್ಷರದ ತಗ್ಗಿನೊಳಗೆ ಕಾಗದ ಇಳಿಯುವಂತೆ ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತಾರೆ. ಕಾಗದ ಸ್ವಲ್ಪ ಆರಿದ ಮೇಲೆ ಮಸಿ ಹಚ್ಚಿದ ಬಟ್ಟೆಯ ಉಂಡೆಯನ್ನು ಒತ್ತುತ್ತಾರೆ. ಉಬ್ಬಿದ ಭಾಗ ಕಪ್ಪಾಗುತ್ತದೆ, ತಗ್ಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಂದು ವೇಳೆ ಕಲ್ಲು ಒಡೆದುಹೋದರೂ ಆ ಕಾಗದ ಸಾಕ್ಷಿಯಾಗಿ ನಿಲ್ಲುತ್ತದೆ.

ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಅವರ 'ಎಪಿಗ್ರಾಫಿಯ ಕರ್ನಾಟಿಕ' 12 ಸಂಪುಟಗಳಲ್ಲಿ 1886ರಿಂದ 1905ರವರೆಗೆ ಬಂತು. ಒಟ್ಟು ಶಾಸನಗಳು 8,869. ನಮ್ಮ ಎರಡು ತಾಲೂಕುಗಳು ಇಲ್ಲಿ ಬೇರೆ ಬೇರೆ ಸಂಪುಟಗಳಲ್ಲಿವೆ:

• 7ನೇ ಸಂಪುಟ (1902): ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ.
• 8ನೇ ಸಂಪುಟ (1904): ಸೊರಬ, ಸಾಗರ, ನಗರ, ತೀರ್ಥಹಳ್ಳಿ.

'ಶಿಕಾ 176' ಎಂದರೆ ಶಿಕಾರಿಪುರ ತಾಲೂಕಿನ 176ನೇ ಶಾಸನ, ಅಂದರೆ ತಾಳಗುಂದದ ಕಂಬ. 'ಶಿಕಾ 102' ಕೋಡಿಮಠದ 1162ರ ಶಾಸನ. 'ಶಿಕಾ 219' ಜಕ್ಕಿಯಬ್ಬೆಯದು. ಈ ಸಂಖ್ಯೆಗಳನ್ನು ಹಾಕಿ ಉತ್ತರ ಬರೆದರೆ ಆಕರ ನೋಡಿದ್ದೀರಿ ಎಂಬುದು ಮೌಲ್ಯಮಾಪಕರಿಗೆ ತಾನೇ ತಿಳಿಯುತ್ತದೆ. ಬರಿಯ 'ಶಾಸನಗಳಿಂದ ತಿಳಿದುಬರುತ್ತದೆ' ಎಂಬ ವಾಕ್ಯಕ್ಕೆ ಆ ತೂಕವಿಲ್ಲ.

ಮೈಸೂರು ವಿಶ್ವವಿದ್ಯಾಲಯ: ಮೂರು ಕಾಲು

ಸ್ಥಾಪನೆ 1916. ಪರಂಪರೆಯ ರಕ್ಷಣೆಯಲ್ಲಿ ಅದರ ಪಾತ್ರವನ್ನು ಮೂರು ಕಾಲಿನ ಮಣೆಯೆಂದು ನೆನಪಿಡಬಹುದು: ಹಸ್ತಪ್ರತಿ, ಶಾಸನ, ಪ್ರಕಟಣೆ.

ಹಸ್ತಪ್ರತಿ: 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿ 1916ರಲ್ಲಿ ವಿಶ್ವವಿದ್ಯಾಲಯದ ಕೈಗೆ ಬಂತು, 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವಾಯಿತು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಇಲ್ಲೇ, 1905ರಲ್ಲಿ. ಮೂಲ ಅಚ್ಚಾದದ್ದು 1909ರಲ್ಲಿ. ನಮ್ಮ ಸೀಮೆಗೆ ಹತ್ತಿರದ ಉದಾಹರಣೆ ಬೇಕಿದ್ದರೆ, ಕೆಳದಿಯ ಬಸವರಾಜ ರಚಿಸಿದ ಸಂಸ್ಕೃತ ವಿಶ್ವಕೋಶ 'ಶಿವತತ್ತ್ವರತ್ನಾಕರ'. ಅದನ್ನೂ ಈ ಸಂಸ್ಥೆ ಸಂಪಾದಿಸಿ ಪ್ರಕಟಿಸಿದೆ.

ಶಾಸನ: 1920ರ ದಶಕದಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ ವಿಶ್ವವಿದ್ಯಾಲಯದ ಆಡಳಿತಕ್ಕೆ ಬಂತು. ಇತಿಹಾಸ ಪ್ರಾಧ್ಯಾಪಕ ಎಂ.ಎಚ್. ಕೃಷ್ಣ ಅದರ ನಿರ್ದೇಶಕರೂ ಆದರು. ಹಲ್ಮಿಡಿ ಶಾಸನವನ್ನು ಲೋಕಕ್ಕೆ ತೋರಿಸಿದವರು ಅವರೇ (1936). ತರಗತಿಯಲ್ಲಿ ಪಾಠ ಹೇಳುವವರೇ ಹೊಲದಲ್ಲಿ ಕಲ್ಲು ಹುಡುಕುತ್ತಿದ್ದ ಕಾಲ ಅದು.

ಪ್ರಕಟಣೆ: 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. ಮೊದಲ ನಿರ್ದೇಶಕರು ದೇ. ಜವರೇಗೌಡ. ಕನ್ನಡ ಹಸ್ತಪ್ರತಿಗಳು, ವಿಶ್ವಕೋಶ, ಜಾನಪದ ವಸ್ತುಸಂಗ್ರಹಾಲಯ ಎಲ್ಲ ಈ ಸಂಸ್ಥೆಯ ನೆರಳಿಗೆ ಬಂದವು. ಮುಂದೆ ಅದರ ಹೆಸರಿಗೆ ಕುವೆಂಪು ಸೇರಿತು. ರೈಸ್‌ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು 1972ರಿಂದ ಹೊರತರಲು ಶುರುಮಾಡಿದ್ದೂ ಇದೇ ಸಂಸ್ಥೆ. ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದರು. ಮಾನಸಗಂಗೋತ್ರಿ ಎಂಬ ಹೆಸರು, ಪ್ರಸಾರಾಂಗ ಎಂಬ ಪ್ರಕಟಣಾ ಅಂಗ ಎರಡೂ ಅವರ ಕಾಲದವು. ಕನ್ನಡ ನಾಡಿನ ವಿಶ್ವವಿದ್ಯಾಲಯಗಳು ಪ್ರಕಟಣಾ ವಿಭಾಗವನ್ನು ಪ್ರಸಾರಾಂಗ ಎಂದು ಕರೆಯುವುದು ಹಾಗೆ ರೂಢಿಯಾಯಿತು. ಕಾಪಾಡಿದ್ದನ್ನು ಹಂಚುವುದಕ್ಕೆ ಕನ್ನಡದಲ್ಲಿರುವ ಅತಿ ಚಂದದ ಶಬ್ದ ಇದು.

ಅಲ್ಲಮ, ಅಕ್ಕ, ಸತ್ಯಕ್ಕ: ಒಂದೇ ತಾಲೂಕಿನ ಮೂವರು

ಪರಂಪರೆಯ ಪ್ರಕಾರ ಅಲ್ಲಮಪ್ರಭುವಿನ ಊರು ಬಳ್ಳಿಗಾವೆ, ಅಂಕಿತ ಗುಹೇಶ್ವರ. ಅಕ್ಕಮಹಾದೇವಿಯ ಊರು ಉಡುತಡಿ, ಅಂಕಿತ ಚೆನ್ನಮಲ್ಲಿಕಾರ್ಜುನ. ಸತ್ಯಕ್ಕನ ಊರು ಹಿರೇಜಂಬೂರು, ಅಂಕಿತ ಶಂಭುಜಕ್ಕೇಶ್ವರ. ಮೂರೂ ಇಂದಿನ ಶಿಕಾರಿಪುರ ತಾಲೂಕಿನವು. 'ಹೊಂದಿಸಿ ಬರೆಯಿರಿ' ಪ್ರಶ್ನೆಗೆ ಹೇಳಿ ಮಾಡಿಸಿದಂತಿವೆ.

ಇವರ ಮಾತುಗಳು ಕಲ್ಲಿನಲ್ಲಿಲ್ಲ. ಬಾಯಲ್ಲಿ, ಆಮೇಲೆ ಓಲೆಗರಿಗಳಲ್ಲಿ ಉಳಿದವು. ಹರಿಹರನ ರಗಳೆಗಳು, ಚಾಮರಸನ 'ಪ್ರಭುಲಿಂಗಲೀಲೆ' ಇವರ ಕಥೆಯನ್ನು ಕಾಪಾಡಿದವು. ವಚನಗಳನ್ನು ಸಂವಾದವಾಗಿ ಹೊಲಿದದ್ದು ಶೂನ್ಯಸಂಪಾದನೆ. ಅದರ ನಾಲ್ವರು ಸಂಕಲನಕಾರರು: ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರು ಸಿದ್ಧವೀರಣ್ಣ. ಈ ಕ್ರಮ ಮರೆಯಬಾರದು.

ಆಧುನಿಕ ಕಾಲದ ಹಾದಿ ಹೀಗೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಮನೆ ಮನೆಯ ಓಲೆಗಟ್ಟುಗಳನ್ನು ಹುಡುಕಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಅದು ಒಬ್ಬ ವಕೀಲನ ಸ್ವಂತ ದುಡಿಮೆ. ಆ ಕೆಲಸವನ್ನು ಸಂಸ್ಥೆಯ ಕೆಲಸವಾಗಿ ಬೆಳೆಸಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ (ಸ್ಥಾಪನೆ 1949). ಆರ್.ಸಿ. ಹಿರೇಮಠರ ಮುಂದಾಳತನದಲ್ಲಿ ಅಲ್ಲಿನ ಕನ್ನಡ ಅಧ್ಯಯನ ಪೀಠ ವಚನಗಳ ಶಾಸ್ತ್ರೀಯ ಸಂಪಾದನೆಗೆ ಕೈಹಾಕಿತು. ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದವನ್ನು ಐದು ಸಂಪುಟಗಳಲ್ಲಿ (1965–1972) ಪ್ರಕಟಿಸಿದ್ದೂ ಈ ವಿಶ್ವವಿದ್ಯಾಲಯವೇ. 1993ರಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ 'ಸಮಗ್ರ ವಚನ ಸಂಪುಟ'ವನ್ನು 15 ಸಂಪುಟಗಳಲ್ಲಿ ತಂದಾಗ ಪ್ರಧಾನ ಸಂಪಾದಕರಾಗಿದ್ದವರು ಎಂ.ಎಂ. ಕಲಬುರ್ಗಿ, ಧಾರವಾಡದ ಅದೇ ಪೀಠದ ಪ್ರಾಧ್ಯಾಪಕರು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಎ.ಕೆ. ರಾಮಾನುಜನ್ 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಪ್ರಕಟಿಸಿದರು. ಬಳ್ಳಿಗಾವೆಯ ಅಲ್ಲಮನೂ ಉಡುತಡಿಯ ಅಕ್ಕನೂ ಇಂಗ್ಲಿಷ್ ಓದುಗರ ಕಪಾಟು ಸೇರಿದ್ದು ಆಗ.

ಸಂಪಾದನೆಯ ಪರಿಭಾಷೆ ಎರಡು ಸಾಲಿನಲ್ಲಿ: ಒಂದೇ ವಚನಕ್ಕೆ ಹತ್ತು ಪ್ರತಿಗಳಲ್ಲಿ ಹತ್ತು ರೂಪ ಸಿಕ್ಕರೆ ಅವು ಪಾಠಾಂತರಗಳು. ಎಲ್ಲವನ್ನೂ ಹೋಲಿಸಿ ಮೂಲಕ್ಕೆ ಹತ್ತಿರವೆಂದು ನಿರ್ಧರಿಸಿದ್ದು ಶುದ್ಧಪಾಠ, ಬಿಟ್ಟ ರೂಪಗಳು ಅಡಿಟಿಪ್ಪಣಿಗೆ. ಈ ಶಾಸ್ತ್ರಕ್ಕೆ ಕನ್ನಡದ ಮುಖ್ಯ ಗ್ರಂಥ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'. ಓಲೆಗರಿಗೆ ಹುಳ ಹಿಡಿಯದಂತೆ, ಗರಿ ಒಣಗಿ ಮುರಿಯದಂತೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ, ಎರಡು ಕಡೆ ಮರದ ಹಲಗೆ ಇಟ್ಟು ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಆ ಮೇಲೆ ಸ್ಕ್ಯಾನ್. ಗರಿಯ ಮೇಲೆ ಮಸಿ ಮಾಸಿದ್ದರೆ ಎಣ್ಣೆಯಲ್ಲಿ ಕಲಸಿದ ಕಾಡಿಗೆ ತುಂಬಿ ಒರೆಸಿದಾಗ ಕೊರೆದ ಅಕ್ಷರ ಮತ್ತೆ ಎದ್ದು ಬರುತ್ತದೆ.

ಕುವೆಂಪು ವಿಶ್ವವಿದ್ಯಾಲಯ ಮತ್ತು ಕೆಳದಿ

ಸ್ಥಾಪನೆ 1987. ಆವರಣ ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ, ಹೆಸರು ಜ್ಞಾನಸಹ್ಯಾದ್ರಿ. ಕನ್ನಡ ವಿಭಾಗದ ಹೆಸರು ಕನ್ನಡ ಭಾರತಿ. ಶಿಕಾರಿಪುರ, ಸೊರಬದ ಪದವಿ ವಿದ್ಯಾರ್ಥಿಗಳಿಗೆ ಇದು ಮನೆಯಂಗಳದ ವಿಶ್ವವಿದ್ಯಾಲಯ. ಸೊರಬದ ಪಕ್ಕದ ಸಾಗರ ತಾಲೂಕಿನ ಕೆಳದಿಯಲ್ಲಿರುವ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನಾ ಕೇಂದ್ರ ಇದರ ಆಡಳಿತಕ್ಕೆ ಸೇರಿದೆ. ಅದರ ಬೆನ್ನೆಲುಬು ಕೆಳದಿ ಗುಂಡಾ ಜೋಯಿಸರು. ಜನ ಅಟ್ಟದ ಮೇಲೆ ಹಾಕಿ ಮರೆತ ಓಲೆಗರಿ, ಕಡತ, ನಾಣ್ಯ, ಆಯುಧಗಳನ್ನು ಊರೂರು ತಿರುಗಿ ಕೂಡಿಟ್ಟವರು ಅವರು. ತಿಗಳಾರಿ ಲಿಪಿಯ ಓಲೆಗರಿಗಳು ಈ ಸಂಗ್ರಹದ ವಿಶೇಷ. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಆ ಅರಸುಮನೆತನದ ಚರಿತ್ರೆಗೆ ಮುಖ್ಯ ಕಾವ್ಯಾಧಾರ.

ಇಲ್ಲಿ ಗಮನಿಸಬೇಕಾದ ಮಾದರಿ ಒಂದಿದೆ: ಹಳಕಟ್ಟಿ ಇರಲಿ, ಗುಂಡಾ ಜೋಯಿಸರಿರಲಿ, ಮೊದಲು ಒಬ್ಬ ವ್ಯಕ್ತಿಯ ಹಟ, ಆಮೇಲೆ ವಿಶ್ವವಿದ್ಯಾಲಯದ ಆಸರೆ. ವ್ಯಕ್ತಿ ಸಂಗ್ರಹಿಸದೆ ವಿಶ್ವವಿದ್ಯಾಲಯಕ್ಕೆ ಕಾಪಾಡಲು ಏನೂ ಸಿಗುತ್ತಿರಲಿಲ್ಲ. ವಿಶ್ವವಿದ್ಯಾಲಯ ಕೈಹಿಡಿಯದಿದ್ದರೆ ಒಂದು ತಲೆಮಾರಿನ ಶ್ರಮ ಆ ತಲೆಮಾರಿಗೇ ಮುಗಿದುಬಿಡುತ್ತದೆ.

ಈಸೂರಿನಿಂದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ

ಈಸೂರು ಎಂದರೆ 1942ರ ಚಳವಳಿ, 1943ರಲ್ಲಿ ಗಲ್ಲಿಗೇರಿದ ಐವರು ಎಂದು ಎಲ್ಲರೂ ಬರೆಯುತ್ತಾರೆ. ಶಿಕಾರಿಪುರ ತಾಲೂಕಿನ ಇದೇ ಊರಿನಲ್ಲಿ 7 ಫೆಬ್ರುವರಿ 1926ರಂದು ಹುಟ್ಟಿದವರು ಜಿ.ಎಸ್. ಶಿವರುದ್ರಪ್ಪ. ಮೈಸೂರಿನಲ್ಲಿ ಕುವೆಂಪು ಅವರ ಶಿಷ್ಯರು. ಮೊದಲ ಕವನ ಸಂಕಲನ 'ಸಾಮಗಾನ', ಸಂಶೋಧನ ಗ್ರಂಥ 'ಸೌಂದರ್ಯ ಸಮೀಕ್ಷೆ'. 'ಕಾವ್ಯಾರ್ಥ ಚಿಂತನ'ಕ್ಕೆ 1984ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ. ನಿಧನ 23 ಡಿಸೆಂಬರ್ 2013.

ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದ ನಿರ್ದೇಶಕರು ಅವರು. 'ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ'ಯ ಸಂಪುಟಗಳು ಈ ಕೇಂದ್ರದ ಕೊಡುಗೆ. ಸಾಹಿತ್ಯ ಚರಿತ್ರೆಯನ್ನು ಒಬ್ಬರೇ ಬರೆಯುವ ಬದಲು ಹಲವು ವಿದ್ವಾಂಸರು ಕೂಡಿ ಬರೆಯುವ ಕ್ರಮ ಅದರದು. ಕವಿಯಾಗಿ ಅವರನ್ನು ಹಾಡಿಕೊಳ್ಳುವವರು ಈ ಕೆಲಸವನ್ನೂ ನೆನೆಯಬೇಕೆಂದು ನನಗೆ ಬಹಳ ಸಲ ಅನ್ನಿಸಿದೆ.

ರಾಷ್ಟ್ರಕವಿಗಳ ಕ್ರಮ: ಮಂಜೇಶ್ವರ ಗೋವಿಂದ ಪೈ (1949), ಕುವೆಂಪು (1964), ಜಿ.ಎಸ್. ಶಿವರುದ್ರಪ್ಪ (2006). ಕಾಸರಗೋಡಿನ ಗಡಿಯಿಂದ ಒಬ್ಬರು, ಶಿವಮೊಗ್ಗ ಜಿಲ್ಲೆಯ ಮಲೆಯಿಂದ ಇಬ್ಬರು.

ಬರೆಯದ ಪರಂಪರೆ

ಸೊರಬ, ಸಾಗರದ ದೀವರ ಮನೆಗಳ ಗೋಡೆಯ ಮೇಲೆ ಹೆಂಗಸರು ಬರೆಯುವ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿ, ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆ ಮನೆಗೆ ಹಾಡಿಕೊಂಡು ಬರುವ ಅಂಟಿಗೆ–ಪಂಟಿಗೆ, ಗುಡಿಗಾರರ ಶ್ರೀಗಂಧದ ಕೆತ್ತನೆ – ಇವುಗಳಿಗೆ ಪಡಿಯಚ್ಚು ತೆಗೆಯಲಾಗದು. ಚಿತ್ತಾರ ಅಳಿಸಿಹೋಗುತ್ತದೆ, ಮರುವರ್ಷ ಮತ್ತೆ ಬರೆಯುತ್ತಾರೆ. ಬರೆಯುವ ಕೈ ಇರುವವರೆಗೆ ಮಾತ್ರ ಅದು ಉಳಿಯುತ್ತದೆ. ಧ್ವನಿಮುದ್ರಣ, ವಿಡಿಯೊ, ಕಲಾವಿದರೊಂದಿಗೆ ಸಂದರ್ಶನ, ಕಲಾವಿದರನ್ನೇ ತರಗತಿಗೆ ಕರೆದು ಕಲಿಸುವುದು ಇದಕ್ಕೆ ಇರುವ ಉಪಾಯಗಳು. ಈ ಕ್ಷೇತ್ರಕ್ಕೆ ಮೀಸಲಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ (2011) ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ. ಶಿಕಾರಿಪುರ, ಸೊರಬ ಎರಡಕ್ಕೂ ಹಾವೇರಿ ನೆರೆಯ ಜಿಲ್ಲೆ.

ಬರೆದ ಪರಂಪರೆಗೆ ಮರಳಿದರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ (1991) ಪದವಿ ಕಾಲೇಜುಗಳನ್ನು ನಡೆಸದೆ ಸಂಶೋಧನೆಗೇ ಒತ್ತು ಕೊಟ್ಟದ್ದು. ಮೊದಲ ಕುಲಪತಿ ಚಂದ್ರಶೇಖರ ಕಂಬಾರ. ಹಸ್ತಪ್ರತಿಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಿದೆ, ಶಾಸನ ಸಂಪುಟಗಳ ಮಾಲೆಯಿದೆ, ನಾಡೋಜ ಗೌರವ ಕೊಡುವುದು ಈ ವಿಶ್ವವಿದ್ಯಾಲಯ. ಅದರ ಧ್ಯೇಯವಾಕ್ಯ ಆಯ್ದುಕೊಂಡಿರುವುದು ಅಲ್ಲಮಪ್ರಭುವಿನ ವಚನದಿಂದ. ಬಳ್ಳಿಗಾವೆಯ ಮಾತು ಹಂಪಿಯ ಲಾಂಛನವಾಯಿತು. ಹಾಗೆಯೇ 2003ರಲ್ಲಿ ವಿಜಯಪುರದಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಉಡುತಡಿಯ ಅಕ್ಕಮಹಾದೇವಿಯ ಹೆಸರು ಬಂತು.

ಹೋಲಿಕೆಗೆ: ಐರ್ಲೆಂಡ್

ತೌಲನಿಕ ಪ್ರಶ್ನೆ ಬಂದರೆ ಇದು ಒಳ್ಳೆಯ ಉದಾಹರಣೆ. ಐರಿಷ್ ಕೂಡ ಇಂಗ್ಲಿಷಿನ ಒತ್ತಡಕ್ಕೆ ಸಿಕ್ಕ ಭಾಷೆ. 1935ರಲ್ಲಿ ಅಲ್ಲಿ ಸರ್ಕಾರ ಜಾನಪದ ಆಯೋಗ ರಚಿಸಿತು, ಮುಖ್ಯಸ್ಥರು ಜೇಮ್ಸ್ ಡಿಲಾರ್ಜಿ. 1937–39ರಲ್ಲಿ ಸುಮಾರು 5,000 ಪ್ರಾಥಮಿಕ ಶಾಲೆಗಳ ಸುಮಾರು 50,000 ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಮನೆಯ ಅಜ್ಜ ಅಜ್ಜಿಯರನ್ನು, ನೆರೆಹೊರೆಯ ಹಿರಿಯರನ್ನು ಕೇಳಿ ಕಥೆ, ಗಾದೆ, ಔಷಧಿ, ಆಟ, ಊರಿನ ಐತಿಹ್ಯ ಬರೆದುಕೊಂಡು ಬನ್ನಿ. ಸಿಕ್ಕಿದ್ದು ಸುಮಾರು 7,40,000 ಪುಟ. 1971ರಲ್ಲಿ ಆಯೋಗದ ಸಂಗ್ರಹ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ಗೆ ಬಂತು, 2017ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿ ಸೇರಿತು. ಈಗ ಆ ಮಕ್ಕಳ ಕೈಬರಹ ಅಂತರಜಾಲದಲ್ಲಿದೆ, ಸ್ವಯಂಸೇವಕರು ಅದನ್ನು ಓದಿ ಟೈಪ್ ಮಾಡುತ್ತಾರೆ. ಕಾರ್ಕ್ ನಗರದ ವಿಶ್ವವಿದ್ಯಾಲಯ ಕಾಲೇಜಿನ ಮೊಗಸಾಲೆಯಲ್ಲಿ ಓಗಮ್ ಲಿಪಿಯ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಆ ಲಿಪಿಯ ಹಳೆಯ ಕಲ್ಲುಗಳು ನಮ್ಮ ತಾಳಗುಂದದ ಕಂಬಕ್ಕೆ ಹೆಚ್ಚುಕಡಿಮೆ ಸಮಕಾಲೀನ.

ವ್ಯತ್ಯಾಸವನ್ನೂ ಬರೆಯಿರಿ. ಕಾರ್ಕ್‌ನಲ್ಲಿ ಕಲ್ಲು ವಿಶ್ವವಿದ್ಯಾಲಯದೊಳಗೆ ಬಂತು. ತಾಳಗುಂದ, ಬಳ್ಳಿಗಾವೆಗಳಲ್ಲಿ ಕಲ್ಲು ನಿಂತಲ್ಲೇ ನಿಂತಿದೆ, ಪಡಿಯಚ್ಚು ಮಾತ್ರ ಊರು ಬಿಟ್ಟಿತು. ನನಗೆ ನಮ್ಮ ಕ್ರಮವೇ ಹಿತ. ಕೆರೆಯ ದಾನ ಹೇಳುವ ಕಲ್ಲು ಆ ಕೆರೆಯ ಕಣ್ಣಳತೆಯಲ್ಲಿದ್ದರೆ ಅದರ ಅರ್ಥ ಪೂರ್ಣ. ಹೊಲದ ಬದುವಿನ ವೀರಗಲ್ಲಿಗೆ ಮಳೆ, ಬಿಸಿಲು, ಜೆಸಿಬಿ ಮೂರರ ಭಯವೂ ಇದೆ ಎಂಬುದನ್ನು ಮರೆಯುವಂತಿಲ್ಲ. ಶಾಲೆಯ ಮಕ್ಕಳ ವಿಷಯದಲ್ಲಂತೂ ಐರ್ಲೆಂಡಿನಿಂದ ಕಲಿಯಬೇಕಾದ್ದಿದೆ. ಸೊರಬದ ಒಂದು ಹಳ್ಳಿಯ ಏಳನೇ ತರಗತಿ ತನ್ನೂರಿನ ವೀರಗಲ್ಲುಗಳ ಪಟ್ಟಿಯನ್ನು, ಅಜ್ಜಿಯರ ಅಂಟಿಗೆ–ಪಂಟಿಗೆ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಅದು ಮುಂದಿನ ಸಂಶೋಧಕನಿಗೆ ಆಕರ.

ಗೊಂದಲವಾಗುವ ಜಾಗಗಳು

• ಬಳ್ಳಿಗಾವೆ, ಬಳ್ಳಿಗಾಮೆ, ಬೆಳಗಾಮಿ ಒಂದೇ ಊರು. ಬೆಳಗಾವಿ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ.
• ಮಯೂರಶರ್ಮ ಓದಲು ಹೋದದ್ದು ಕಂಚಿಯ ಘಟಿಕೆಗೆ. ಕೋಡಿಮಠ ಅವನಿಗಿಂತ ಶತಮಾನಗಳ ಈಚಿನದು.
• ತಾಳಗುಂದದ ಕಂಬ ಸಂಸ್ಕೃತ, ಮಳವಳ್ಳಿಯದು ಪ್ರಾಕೃತ, ಹಲ್ಮಿಡಿ ಕನ್ನಡ.
• ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿ. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಮೈಸೂರಿನಲ್ಲಿ.
• 1966: ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾದ ವರ್ಷ, ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ಶಾಖೆ ಊಟಿಯಿಂದ ಮೈಸೂರಿಗೆ ಬಂದದ್ದೂ ಅದೇ ವರ್ಷ.
• ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ 2008ರಲ್ಲಿ.

ಹತ್ತು ಅಂಕದ ಉತ್ತರಕ್ಕೆ ಕ್ರಮ ಹೀಗಿರಲಿ: ಶಿಕಾ 102ರಿಂದ ಶುರುಮಾಡಿ, ಕೋಡಿಮಠದ ಪಠ್ಯಪಟ್ಟಿ ಕೊಡಿ, ರೈಸ್‌ ಸಂಪುಟ 7 ಮತ್ತು 8, ಮೈಸೂರು, ಧಾರವಾಡ, ಬೆಂಗಳೂರು, ಶಂಕರಘಟ್ಟ, ಹಂಪಿ – ಪ್ರತಿಯೊಂದಕ್ಕೂ ಒಂದು ನಿರ್ದಿಷ್ಟ ಕೆಲಸ, ಚಿತ್ತಾರ, ಅಂಟಿಗೆ–ಪಂಟಿಗೆ, ಐರ್ಲೆಂಡಿನ ಹೋಲಿಕೆ ನಾಲ್ಕು ಸಾಲು. ಸಮಯ ಉಳಿದರೆ ತಾಳಗುಂದದ ಕಟಾಂಜನ ಶಾಸನದ ಚರ್ಚೆ.

ಶಿಕಾರಿಪುರದಿಂದ ಹೊರಟವರು ಶಿರಾಳಕೊಪ್ಪದಲ್ಲಿ ಬಸ್ಸಿಳಿದರೆ ಬಳ್ಳಿಗಾವೆ, ತಾಳಗುಂದ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು. ಹೋಗುವಾಗ 7ನೇ ಸಂಪುಟದ ಆ ಪುಟಗಳ ಪ್ರತಿ ಕೈಯಲ್ಲಿರಲಿ. ಕಲ್ಲಿನ ಮುಂದೆ ನಿಂತು ಒಂದು ಸಾಲನ್ನಾದರೂ ಅಕ್ಷರ ಅಕ್ಷರ ಕೂಡಿಸಿ ಓದಿ ನೋಡಿ.